ಉದಾರವಾದದ ಕ್ರೈಸ್ತ ವಿಮರ್ಶೆ: 'ಗ್ರ್ಯಾಂಡ್ ಇನ್‌ಕ್ವಿಸಿಟರ್' ಅಧ್ಯಾಯ ಒಂದೇ ಓದಿದರೆ ಸಾಕೇ?

ಓದುಬಳಗ:
ಆಧುನಿಕ ಉದಾರವಾದವನ್ನು ಕ್ರೈಸ್ತ ನಂಬಿಕೆಯ ಕಡೆಯಿಂದ ಪ್ರಶ್ನಿಸುವ ಒಂದು ಕ್ಲಾಸಿಕ್ ಕೃತಿಯನ್ನು ಗುಂಪಿನಲ್ಲಿ ಚರ್ಚಿಸಬೇಕೆಂದಿದ್ದೇವೆ. ದಾಸ್ತೋವ್ಸ್ಕಿಯ 'ಬ್ರದರ್ಸ್ ಕರಮಜೋವ್' ಇಡಿಯಾಗಿ ಓದಲು ಎಲ್ಲರಿಗೂ ಆಗದು. 'ಗ್ರ್ಯಾಂಡ್ ಇನ್‌ಕ್ವಿಸಿಟರ್' ಅಧ್ಯಾಯ ಮಾತ್ರ ತೆಗೆದುಕೊಂಡರೆ ನಡೆಯುತ್ತದೆಯೇ? ಜನಕ್ಕೆ ಸ್ವಾತಂತ್ರ್ಯ ಹೊರೆ, ಬೇಕಾದ್ದು ರೊಟ್ಟಿ ಮತ್ತು ಒಬ್ಬ ಯಜಮಾನ ಎನ್ನುವುದು ಲೇಖಕನದೇ ನಿಲುವೇ?

ಕರಿಹಲಗೆ:
ಖಂಡಿತ ಅಲ್ಲ. ಆ ಅಧ್ಯಾಯವನ್ನು ಕಿತ್ತು ಓದಿದವರೆಲ್ಲ ಎಡವುವುದು ಇಲ್ಲೇ. ಅದು ಕರಮಜೋವ್ ಸೋದರರಲ್ಲೊಬ್ಬನಾದ ಇವಾನ್ ತಮ್ಮ ಅಲ್ಯೋಶನಿಗೆ ಹೇಳಲು ಕಟ್ಟಿದ ಕಥೆ, ಆಡುವವನು ಸ್ಪೇನಿನ ಸೆವಿಲ್‌ನ ಮುದಿ ಇನ್‌ಕ್ವಿಸಿಟರ್, ಅಂದರೆ ಧರ್ಮದ್ರೋಹಿಗಳನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ಅಧಿಕಾರಿ. ಭೂಮಿಗೆ ಮರಳಿ ಬಂದ ಕ್ರಿಸ್ತನನ್ನು ಅವನು ಸೆರೆಗೆ ಹಾಕುತ್ತಾನೆ. ಬೈಬಲಿನ ಮತ್ತಾಯ 4ನೇ ಅಧ್ಯಾಯದಲ್ಲಿ ಸೈತಾನ ಕ್ರಿಸ್ತನಿಗೆ ಒಡ್ಡುವ ಮೂರು ಶೋಧನೆಗಳನ್ನು (ಪ್ರಲೋಭನೆಗಳನ್ನು) ಹಿಡಿದು ಅವನು ಕ್ರಿಸ್ತನ ಮೇಲೆ ಹೊರಿಸುವ ಆರೋಪ, 'ನೀನು ಮನುಷ್ಯರಿಗೆ ಮಿತಿಮೀರಿ ಸ್ವಾತಂತ್ರ್ಯ ಕೊಟ್ಟೆ' ಎಂದು. ಅಂದರೆ ಸ್ವಾತಂತ್ರ್ಯದ ಪರ ನಿಂತಿರುವವನು ಕ್ರಿಸ್ತ. 'ನಿನ್ನ ಕಾವ್ಯ ಯೇಸುವಿನ ಸ್ತುತಿಯೇ ಹೊರತು ನಿಂದೆಯಲ್ಲ' ಎಂದು ಅಲ್ಯೋಶ ಅಲ್ಲಿಯೇ ಹೇಳುತ್ತಾನೆ. ಈ ಸಾಲು ಬಿಟ್ಟ ಸಂಗ್ರಹಗಳನ್ನು ಬಳಸಬೇಡಿ.

ಕನಿಷ್ಠ ಇಷ್ಟು ಓದಿ (ಕಾದಂಬರಿಯ ಭಾಗಗಳಿಗೆ 'ಪುಸ್ತಕ' ಎಂದೇ ಹೆಸರು): 5ನೇ ಪುಸ್ತಕದ 3, 4, 5ನೇ ಅಧ್ಯಾಯಗಳು, ಜೊತೆಗೆ 6ನೇ ಪುಸ್ತಕ ಪೂರ್ತಿ. ಇನ್‌ಕ್ವಿಸಿಟರ್ ಅಚ್ಚಾದದ್ದು 1879ರ ಜೂನ್‌ನಲ್ಲಿ, 6ನೇ ಪುಸ್ತಕ ಆಗಸ್ಟ್‌ನಲ್ಲಿ. ಉತ್ತರ ಇರುವುದು ಈ ಎರಡನೆಯದರಲ್ಲಿ, ಆದರೆ ಅಂಶಕ್ಕೆ ಅಂಶದ ಖಂಡನೆಯಾಗಿ ಅಲ್ಲ, ಒಂದು ಬದುಕಿನ ಚಿತ್ರವಾಗಿ ಎಂದು ಆ ತಿಂಗಳೇ ರಷ್ಯಾದ ಹಿರಿಯ ಅಧಿಕಾರಿ ಪೊಬೆದೊನೋಸ್ತ್ಸೆವ್‌ಗೆ ಲೇಖಕನೇ ಬರೆದಿದ್ದ.

ಉದಾರವಾದಕ್ಕೆ ನೇರವಾಗಿ ತಾಗುವುದೂ ಅಲ್ಲಿನ ಹಿರಿಯ ಸನ್ಯಾಸಿ ಜೊಸಿಮಾನ ಮಾತೇ. ಸ್ವಾತಂತ್ರ್ಯವೆಂದರೆ ಬಯಕೆಗಳನ್ನು ಬೆಳೆಸುತ್ತ ಹೋಗುವುದು ಎಂದುಕೊಂಡರೆ ಉಳ್ಳವರಿಗೆ ಒಂಟಿತನ, ಇಲ್ಲದವರಿಗೆ ಹೊಟ್ಟೆಕಿಚ್ಚು ಎನ್ನುತ್ತಾನೆ. ಅವನು ಕೊಡುವ ಉದಾಹರಣೆ ನೋಡಿ: ಒಬ್ಬ ಆದರ್ಶವಾದಿ ಹೋರಾಟಗಾರ, ಸೆರೆಮನೆಯಲ್ಲಿ ತಂಬಾಕು ಸಿಗದೆ ಎಷ್ಟು ಒದ್ದಾಡಿದನೆಂದರೆ, ಒಂದಿಷ್ಟು ತಂಬಾಕಿಗಾಗಿ ತನ್ನ ಆದರ್ಶವನ್ನೇ ಬಿಟ್ಟುಕೊಡುವುದರಲ್ಲಿದ್ದ. ಇವನನ್ನು ಸ್ವತಂತ್ರನೆನ್ನಬಹುದೇ ಎಂಬುದು ಜೊಸಿಮಾನ ಪ್ರಶ್ನೆ. ಹಾಗಾಗಿ ಉಪವಾಸ, ವಿಧೇಯತೆ, ಪ್ರಾರ್ಥನೆ ಅವನಿಗೆ ಬಿಡುಗಡೆಯ ದಾರಿ.

ಹಳೇಸಂಪುಟ:
ಒಪ್ಪಿದೆ, ಆದರೆ ಉದಾರವಾದಿಯನ್ನು ಮನುಷ್ಯನಾಗಿ ನೋಡಲು ದಾಸ್ತೋವ್ಸ್ಕಿಯದೇ ಇನ್ನೊಂದು ಕಾದಂಬರಿ 'ಡೀಮನ್ಸ್' ಬೇಕೇ ಬೇಕು. 1869ರ ನವೆಂಬರ್‌ನಲ್ಲಿ ಮಾಸ್ಕೋದಲ್ಲಿ ಕ್ರಾಂತಿಕಾರಿ ನೆಚಾಯೆವ್‌ನ ಗುಂಪು ಇವಾನೋವ್ ಎಂಬ ವಿದ್ಯಾರ್ಥಿಯನ್ನು ಕೊಂದ ಪ್ರಕರಣವೇ ಅದರ ಬೇರು. ಕಾದಂಬರಿಯಲ್ಲಿ ಕೊಲೆಗಡುಕ ಪ್ಯೋತರ್‌ನ ಅಪ್ಪ ಸ್ತೆಪಾನ್ ತ್ರೊಫಿಮೊವಿಚ್ 1840ರ ದಶಕದ ಸಭ್ಯ ಉದಾರವಾದಿ. ಹೆತ್ತ ಮಗನನ್ನು ಸಾಕದೆ ದೂರ ಕಳಿಸಿದವನು. ಸುಂದರ ವಿಚಾರಗಳನ್ನು ಆಡುತ್ತ ಕೂತ ತಲೆಮಾರಿನ ಹೊಣೆಗೇಡಿತನವೇ ಮುಂದಿನ ತಲೆಮಾರಿನ ಹಿಂಸೆಗೆ ಬಾಗಿಲು ತೆರೆಯಿತು ಎಂಬುದು ಆರೋಪ.

2ನೇ ಭಾಗದ 7ನೇ ಅಧ್ಯಾಯದಲ್ಲಿ ಬರುವ ಕ್ರಾಂತಿಕಾರಿ ಸಿದ್ಧಾಂತಿ ಶಿಗಲ್ಯೋವ್‌ನನ್ನು ಇನ್‌ಕ್ವಿಸಿಟರ್ ಪಕ್ಕದಲ್ಲಿಟ್ಟು ಓದಿ. ಅಪರಿಮಿತ ಸ್ವಾತಂತ್ರ್ಯದಿಂದ ಹೊರಟು ಅಪರಿಮಿತ ಸರ್ವಾಧಿಕಾರ ತಲುಪಿದೆ ಎನ್ನುವ ಅವನ ಯೋಜನೆಯಲ್ಲಿ ಹತ್ತರಲ್ಲಿ ಒಂದು ಪಾಲು ಜನ ಉಳಿದ ಒಂಬತ್ತು ಪಾಲನ್ನು ಆಳುತ್ತಾರೆ. ಇನ್‌ಕ್ವಿಸಿಟರ್ ಲೆಕ್ಕದಲ್ಲಿ ಕೋಟಿಗಟ್ಟಲೆ ಸುಖೀ ಕೂಸುಗಳು, ಅವರಿಗಾಗಿ ನರಳುವ ಒಂದು ಲಕ್ಷ ಜನ. ಒಬ್ಬ ನಾಸ್ತಿಕ ಕ್ರಾಂತಿಕಾರಿ, ಇನ್ನೊಬ್ಬ ಚರ್ಚಿನ ಅಧಿಕಾರಿ. ಲೆಕ್ಕ ಮಾತ್ರ ಒಂದೇ.

'ಡೀಮನ್ಸ್' ಪ್ರತಿ ಕೊಳ್ಳುವಾಗ 'ತಿಖೋನ್' ಅಧ್ಯಾಯ ಇದೆಯೇ ನೋಡಿ. ಕಾದಂಬರಿ ಧಾರಾವಾಹಿಯಾಗಿ ಬಂದ ಪತ್ರಿಕೆಯ ಸಂಪಾದಕ ಕತ್ಕೋವ್ ಅದನ್ನು ತಡೆದಿದ್ದರಿಂದ ಬೆಳಕಿಗೆ ಬಂದದ್ದು 1922ರಲ್ಲಿ. ಕೆಲವು ಆವೃತ್ತಿಗಳಲ್ಲಿ ಅದು ಕೊನೆಯಲ್ಲಿ ಅನುಬಂಧವಾಗಿರುತ್ತದೆ.

ಸಾಕ್ಷಿಕಟ್ಟೆ:
ಒಂದು ತಕರಾರು. ಇಲ್ಲಿ ಏಟು ಬೀಳುವುದು ರಷ್ಯಾದ ಪಾಶ್ಚಾತ್ಯಪರ ಬುದ್ಧಿಜೀವಿಗಳಿಗೆ. ಕಾನೂನಿನ ಆಡಳಿತ, ಪತ್ರಿಕಾ ಸ್ವಾತಂತ್ರ್ಯ ಕೇಳುವ ಉದಾರವಾದಕ್ಕೆ ಇದನ್ನೇ ಉತ್ತರವೆಂದು ಒಡ್ಡಿದರೆ ಅನ್ಯಾಯ. ನಿಷೇಧಿತ ಪತ್ರವೊಂದನ್ನು ಗುಂಪಿನಲ್ಲಿ ಓದಿದ್ದಕ್ಕೆ 1849ರಲ್ಲಿ ಈ ಲೇಖಕನಿಗೇ ಮರಣದಂಡನೆ ವಿಧಿಸಿ, ಕೊನೆ ಗಳಿಗೆಯಲ್ಲಿ ಸೈಬೀರಿಯಾಕ್ಕೆ ಅಟ್ಟಿದ್ದರು. ಅವನ 'ಬರಹಗಾರನ ದಿನಚರಿ'ಯಲ್ಲಿ ಯಹೂದಿದ್ವೇಷವಿದೆ, ಕಾನ್‌ಸ್ಟಾಂಟಿನೋಪಲ್ ರಷ್ಯಾದ್ದಾಗಬೇಕೆಂಬ ಹಟವಿದೆ. ನಂಬಿಕೆ ರಾಷ್ಟ್ರದ ಸೇವೆಗೆ ಇಳಿದಾಗ ಏನಾಗುತ್ತದೆ ಎಂಬುದನ್ನೂ ಚರ್ಚೆಗೆ ತನ್ನಿ.

ಕರಿಹಲಗೆ:
ತಕರಾರು ಸರಿ, ಆದರೆ ಕಾನೂನಿನ ಸಂಸ್ಥೆಗಳನ್ನು ಅವನು ಮುಟ್ಟದೆ ಬಿಟ್ಟಿಲ್ಲ. 1864ರ ಸುಧಾರಣೆ ತಂದ ಜ್ಯೂರಿ ವಿಚಾರಣೆಯೇ ಕರಮಜೋವ್‌ನ 12ನೇ ಪುಸ್ತಕ. ವಕೀಲ ಫೆತ್ಯುಕೋವಿಚ್‌ನ ಅಮೋಘ ಭಾಷಣದ ನಂತರವೂ, ತಂದೆಯನ್ನು ಕೊಂದ ಆರೋಪ ಹೊತ್ತ ನಿರಪರಾಧಿ ದ್ಮಿತ್ರಿಗೆ ಶಿಕ್ಷೆಯಾಗುತ್ತದೆ. ಅದಕ್ಕಿಂತ ಮುಖ್ಯ, ಅಯೋಗ್ಯ ತಂದೆಯನ್ನು ಕೊಂದರೆ ಪಿತೃಹತ್ಯೆಯೇ ಅಲ್ಲ ಎಂಬಂತೆ ಆ ವಕೀಲ ವಾದಿಸುವುದು, ಅದೂ ಸುವಾರ್ತೆಯನ್ನೇ ತಿರುಚಿ. ಆ ಭಾಷಣ 10ರಿಂದ 13ನೇ ಅಧ್ಯಾಯದವರೆಗಿದೆ; ನಿಮ್ಮ ಆಕ್ಷೇಪ ಎಷ್ಟು ನಿಲ್ಲುತ್ತದೆಂದು ಅಲ್ಲಿ ಪರೀಕ್ಷಿಸಿ.

ಓದುಬಳಗ:
ಎರಡೂ ಕಾದಂಬರಿ ಆಗದಿದ್ದರೆ 'ಡೀಮನ್ಸ್'ನಿಂದ ಯಾವ ಭಾಗ?

ಹಳೇಸಂಪುಟ:
ಶಿಗಲ್ಯೋವ್ ಪ್ರಸಂಗ, ಆಮೇಲೆ 3ನೇ ಭಾಗದ 7ನೇ ಅಧ್ಯಾಯ. ಸಾಯುವ ಮುನ್ನ ಸ್ತೆಪಾನ್ ಸುವಾರ್ತೆ ಮಾರುವ ಹೆಂಗಸಿನಿಂದ ಬೈಬಲಿನ ಪ್ರಕಟನೆ 3ರಲ್ಲಿ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ 'ಉಗುರುಬೆಚ್ಚಗಿನ' ಸಭೆಗೆ ಬರೆದ ಮಾತನ್ನೂ, ದೆವ್ವಗಳು ಮನುಷ್ಯನನ್ನು ಬಿಟ್ಟು ಹಂದಿಗಳೊಳಗೆ ಹೊಕ್ಕು ಆ ಹಂದಿಗಳು ನೀರಲ್ಲಿ ಮುಳುಗುವ ಲೂಕ 8:32-36ನ್ನೂ ಓದಿಸಿಕೊಂಡು ಕೇಳುತ್ತಾನೆ. ಹಂದಿಗಳೊಳಗೆ ಹೊಕ್ಕ ದೆವ್ವಗಳಲ್ಲಿ ನಾವೂ ಇದ್ದೇವೆ, ಪ್ರಾಯಶಃ ನಾನೇ ಎಲ್ಲರಿಗಿಂತ ಮುಂದೆ ಎನ್ನುತ್ತಾನೆ. ಲೂಕನ ಆ ವಚನಗಳು ಕಾದಂಬರಿಯ ಮೊದಲ ಪುಟದಲ್ಲೂ ಅಚ್ಚಾಗಿವೆ. ಗುಂಪಿನಲ್ಲಿ ಅವನ್ನು ಮೊದಲೇ ಗಟ್ಟಿಯಾಗಿ ಓದಿಸಿ, ಇಲ್ಲದಿದ್ದರೆ ಬೈಬಲ್ ಪರಿಚಯವಿಲ್ಲದವರಿಗೆ ಈ ದೃಶ್ಯ ಕೈಗೆ ಸಿಗುವುದಿಲ್ಲ.