ಟ್ರೌಟ್ ಮೀನಿಗೆ ಫ್ಲೈ ರಾಡ್: ಏಳೂವರೆ ಅಡಿಯೋ, ಒಂಬತ್ತು ಅಡಿಯೋ?

ಕೊಂಡಜ್ಜಿ ದಂಡೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದಲೂ ಕೊಂಡಜ್ಜಿ ಕೆರೆಯಲ್ಲಿ ಮತ್ತು ಭದ್ರಾ ಕಾಲುವೆಯಲ್ಲಿ ಬಿದಿರು ಗಳಕ್ಕೆ ನೈಲಾನ್ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ ಗಾಳ ಹಾಕುತ್ತ ಬಂದವನು ನಾನು. ಬರುವ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಹೋಗುವವನಿದ್ದು, ಅಲ್ಲಿ ಟ್ರೌಟ್ ಮೀನನ್ನು ಫ್ಲೈ ರಾಡ್‌ನಿಂದಲೇ, ಅಂದರೆ ಹುಳವನ್ನು ಹೋಲುವ ಕೃತಕ ‘ಫ್ಲೈ’ಯನ್ನು ಬೀಸಿ ಎಸೆಯುವ ಕೋಲಿನಿಂದಲೇ, ಹಿಡಿಯಬೇಕೆಂಬ ಆಸೆಯಿದೆ. ವಿಚಾರಿಸಿದ ಅಂಗಡಿಯಲ್ಲಿ ಮೂರು ಬಗೆಯ ರಾಡ್ ತೋರಿಸಿದರು: ಏಳೂವರೆ ಅಡಿಯ 3 ವೇಟ್, 9 ಅಡಿಯ 5 ವೇಟ್, 10 ಅಡಿಯ 4 ವೇಟ್. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ. ನನ್ನ ಎತ್ತರ 5 ಅಡಿ 4 ಅಂಗುಲ. ನನ್ನಂಥವನಿಗೆ 9 ಅಡಿಯ ಕೋಲು ಅತಿಯಾಗುವುದಿಲ್ಲವೇ? ಊರಿಗೆ ಮರಳಿದ ಮೇಲೆ ಅದೇ ರಾಡ್ ತುಂಗಭದ್ರೆಯಲ್ಲೂ ಉಪಯೋಗಕ್ಕೆ ಬರುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹೊಳೆಸಾಲು (ಹರಿಹರ):

ಎತ್ತರದ ಚಿಂತೆಯನ್ನು ಬಿಟ್ಟುಬಿಡಿ. ರಾಡ್‌ನ ಉದ್ದವನ್ನು ನಿರ್ಧರಿಸುವುದು ಹೊಳೆಯ ಅಗಲ ಮತ್ತು ದಂಡೆಯ ಗಿಡಮರಗಳೇ ಹೊರತು ಹಿಡಿಯುವವನ ಮೈಕಟ್ಟಲ್ಲ. ತುಂಗಭದ್ರೆಯ ವಿಷಯಕ್ಕೆ ಬಂದರೆ, ಟ್ರೌಟ್ ತಣ್ಣೀರಿನ ಮೀನಾದ್ದರಿಂದ ನಮ್ಮ ಬಯಲುಸೀಮೆಯ ನೀರಿನಲ್ಲಿ ಅದು ಬದುಕುವುದಿಲ್ಲ. ಇಲ್ಲಿಯ ಸಣ್ಣ ಮೀನುಗಳಿಗೆ 5 ವೇಟ್ ಧಾರಾಳವಾಯಿತು. ದೊಡ್ಡ ಮೀನಿಗೆ ದೊಡ್ಡ ಫ್ಲೈ ಕಟ್ಟಿ ಎದುರುಗಾಳಿಯಲ್ಲಿ ಬೀಸುವುದಾದರೆ 7 ಅಥವಾ 8 ವೇಟ್ ಬೇಕಾಗುತ್ತದೆ, ಉದ್ದ ಆಗಲೂ 9 ಅಡಿಯೇ.

ಏಳುಸುತ್ತು (ಚಿತ್ರದುರ್ಗ):

ಮಾನ್ಯರೇ, ನಾನು ಜಲವಿದ್ಯುತ್ ಕಾಮಗಾರಿಯೊಂದರ ನಿಮಿತ್ತ ಮೂರು ವರ್ಷ ಕುಲ್ಲು ಜಿಲ್ಲೆಯಲ್ಲಿದ್ದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ಈವರೆಗೆ ಹಾಕಿದ ಗಾಳದಲ್ಲಿ ಸೀಸದ ಗುಂಡಿನ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂಬುದು ಕೊಕ್ಕೆಗೆ ಸುತ್ತಿದ ಗರಿ ಮತ್ತು ನೂಲು ಮಾತ್ರ. ಅದಕ್ಕೆ ಹೇಳಿಕೊಳ್ಳುವಂಥ ಭಾರವಿಲ್ಲ. ಇಲ್ಲಿ ಭಾರವಿರುವುದು ದಾರದಲ್ಲೇ. ರಾಡ್‌ನ ಮೇಲೆ ಬರೆದಿರುವ ‘ವೇಟ್’ ಎಂಬುದು ಕೋಲಿನ ತೂಕವಲ್ಲ, ಅದಕ್ಕೆ ಹೊಂದುವ ದಾರದ ಅಂಕಿ: 5 ವೇಟ್ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ದಾರವನ್ನು ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಅವಸರಪಟ್ಟರೆ ಬಾರುಕೋಲಿನಂತೆ ಚಟೀರೆಂದು ಸದ್ದಾಗುತ್ತದೆ. ಆ ಸದ್ದಿಗೆ ಎಷ್ಟೋ ಸಲ ತುದಿಯ ಫ್ಲೈ ಹರಿದುಹೋಗಿರುತ್ತದೆ.

ಉದ್ದದ ಮಾತು ಮುಖ್ಯವಾಗುವುದು ಫ್ಲೈ ನೀರಿಗೆ ಬಿದ್ದ ನಂತರ. ಮೊದಲ ವರ್ಷ ನಾನು ಸ್ನೇಹಿತರೊಬ್ಬರಿಂದ ಏಳೂವರೆ ಅಡಿಯ ರಾಡ್ ಎರವಲು ಪಡೆದು ತೀರ್ಥನ್ ಹೊಳೆಗೆ ಇಳಿದಿದ್ದೆ. ಹೊಳೆಯ ನಡುವೆ ಎಮ್ಮೆಯಷ್ಟು ದೊಡ್ಡ ಬಂಡೆ. ಅದರ ಮರೆಯಲ್ಲಿ ತಟ್ಟೆಯಷ್ಟಗಲ ನಿಂತ ನೀರು. ಅಲ್ಲೊಂದು ಟ್ರೌಟ್ ಮೂತಿ ಎತ್ತಿ ಹುಳ ಹಿಡಿಯುತ್ತಿತ್ತು. ಫ್ಲೈ ಸರಿಯಾಗಿ ಅಲ್ಲಿಗೇ ಬಿದ್ದಿತಾದರೂ ನನಗೂ ಬಂಡೆಗೂ ನಡುವಿನ ಸೆಳವು ದಾರವನ್ನು ಬಿಲ್ಲಿನಂತೆ ಬಗ್ಗಿಸಿಕೊಂಡು ಹೋಯಿತು, ಅದರ ಹಿಂದೆಯೇ ಫ್ಲೈ ಹಗ್ಗ ಕಟ್ಟಿದ ಕರುವಿನಂತೆ ಗೀರು ಬಿಡುತ್ತ ಓಡಿತು. ಯಾವ ಹುಳವೂ ಹಾಗೆ ಈಜುವುದಿಲ್ಲವೆಂಬುದು ಟ್ರೌಟ್‌ಗೆ ಚೆನ್ನಾಗಿ ಗೊತ್ತು. ಹತ್ತು ಸಲ ಎಸೆದರೂ ಅದು ತಿರುಗಿ ನೋಡಲಿಲ್ಲ. ಮುಂದಿನ ವರ್ಷ 9 ಅಡಿಯ ರಾಡ್‌ನೊಂದಿಗೆ ಅದೇ ಕಲ್ಲಿನ ಮೇಲೆ ನಿಂತು ಕೈ ಚಾಚಿ ತುದಿಯನ್ನು ಎತ್ತಿ ಹಿಡಿದಾಗ, ಸೆಳವಿನ ಮೇಲೆ ಬೀಳುತ್ತಿದ್ದ ದಾರದ ಬಹುಭಾಗ ಗಾಳಿಯಲ್ಲೇ ಉಳಿಯಿತು. ಬಿದ್ದಷ್ಟನ್ನು ಮಣಿಕಟ್ಟು ತಿರುವಿ ಪ್ರವಾಹದ ಮೇಲ್ಭಾಗಕ್ಕೆ ಎತ್ತಿಹಾಕಲು ಸಾಧ್ಯವಾಯಿತು. ಒಂದೂವರೆ ಅಡಿಯ ವ್ಯತ್ಯಾಸ ಇಷ್ಟೊಂದು ಕೆಲಸ ಮಾಡೀತೆಂದು ನಾನು ನಂಬಿರಲಿಲ್ಲ.

ಹಾಗೆಂದು ಗಿಡ್ಡ ರಾಡ್ ಕೆಟ್ಟದ್ದೆಂದಲ್ಲ. ಮರಗಳು ಕಮಾನಿನಂತೆ ಬಾಗಿರುವ ಕಿರುತೊರೆಗಳಲ್ಲಿ 9 ಅಡಿಯ ತುದಿ ಪದೇ ಪದೇ ಕೊಂಬೆಗೆ ತಗಲುತ್ತದೆ. ಅಲ್ಲಿ ಏಳೂವರೆ ಅಡಿಯದನ್ನೇ ಹಿಡಿದು ಹತ್ತಿರದಿಂದ ಗುರಿಯಿಟ್ಟು ಎಸೆಯುವುದು ಜಾಣತನ. 10 ಅಡಿಯದು ಭಾರದ ನಿಂಫ್‌ಗಳನ್ನು (ನೀರೊಳಗಿನ ಮರಿಹುಳದಂತೆ ಕಟ್ಟಿದ ಫ್ಲೈಗಳನ್ನು) ನೀರಿನ ತಳದಲ್ಲಿ ಹರಿಯಬಿಡುವವರಿಗೆ ಒಳ್ಳೆಯ ಸಾಧನವಾದರೂ ಕಲಿಯುವವರ ಮಣಿಕಟ್ಟಿಗೆ ಸಂಜೆಯ ಹೊತ್ತಿಗೆ ನೋವು ಕೊಡುತ್ತದೆ, ಏಕೆಂದರೆ ರಾಡ್ ಉದ್ದವಾದಷ್ಟೂ ಸನ್ನೆಗೋಲಿನ ಲಾಭ ಮೀನಿಗೇ ಹೊರತು ನಮಗಲ್ಲ. ನಿಮಗೆ 9 ಅಡಿಯ 5 ವೇಟ್ ಸಾಕು.

ತೋಟದ ಮನೆ (ಚನ್ನಗಿರಿ):

ದುರ್ಗದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಎಂಟೂವರೆ ಅಡಿಯ 4 ವೇಟ್ ಸಿಕ್ಕರೆ ಅದನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಾನು ನೀಲಗಿರಿಯ ತೊರೆಗಳಲ್ಲಿ ಬಳಸಿದ್ದು ಅದನ್ನೇ, ಎಲ್ಲಿಯೂ ಕೊರತೆ ಕಾಣಲಿಲ್ಲ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬಹುದು. ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಸಾಲಿನಿಂದ ಸಾಲಿಗೆ ಸಾಮಾನ್ಯವಾಗಿ 9 ಅಡಿ ಅಂತರವಿರುತ್ತದೆ. ಹೆಡಲು ಇನ್ನೂ ತಲೆಯ ಮಟ್ಟದಲ್ಲಿರುವ ಎಳೆ ತೋಟದ ಎರಡು ಸಾಲುಗಳ ನಡುವೆ ನಿಂತು, ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿ, ಮುಂದೆ 30 ಅಡಿ ದೂರದಲ್ಲಿಟ್ಟ ಬಕೆಟ್‌ಗೆ ಎಸೆದು ನೋಡಿ. ಮರಗಳ ನಡುವಿನ ತೊರೆ ಹೇಗಿರುತ್ತದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ತೋಟದ ಯಜಮಾನರ ಅಪ್ಪಣೆ ಮೊದಲೇ ಪಡೆಯಿರಿ, ಹಿಂಗಾರ ಉದುರಿಸಿದರೆ ಯಾರೂ ಸುಮ್ಮನಿರುವುದಿಲ್ಲ.

ಕೊಂಡಜ್ಜಿ ದಂಡೆ (ದಾವಣಗೆರೆ):

ಎಲ್ಲರಿಗೂ ಕೃತಜ್ಞತೆಗಳು. ಚನ್ನಗಿರಿಯವರು ಹೇಳಿದಂತೆ ನಮ್ಮ ಮಾವನವರ ತೋಟದಲ್ಲಿ, ಮಿತ್ರರೊಬ್ಬರಲ್ಲಿದ್ದ ಎಂಟೂವರೆ ಮತ್ತು 9 ಅಡಿಯ ಎರಡೂ ರಾಡ್‌ಗಳನ್ನು ಬೀಸಿ ನೋಡಿದೆ. ಸಾಲಿನ ನಡುವೆ ಎರಡೂ ಹೆಡಲಿಗೆ ಸಿಕ್ಕಿಕೊಂಡವು. ಆದರೆ ಕೊಂಡಜ್ಜಿ ದಂಡೆಯ ಬಯಲಿನಲ್ಲಿ 9 ಅಡಿಯದರಿಂದ ದಾರ ನೆಲಕ್ಕೆ ತಾಗದೆ ಹಿಂದಕ್ಕೆ ಬಿಚ್ಚಿಕೊಂಡಿತು. ಆದ್ದರಿಂದ 9 ಅಡಿಯ 5 ವೇಟ್ ಎಂದು ನಿಶ್ಚಯಿಸಿದ್ದೇನೆ. ರೈಲಿನಲ್ಲಿ ಅಷ್ಟುದ್ದದ ಕೋಲನ್ನು ಒಯ್ಯುವುದು ಹೇಗೆಂಬುದೊಂದೇ ಉಳಿದಿದೆ.

ಏಳುಸುತ್ತು (ಚಿತ್ರದುರ್ಗ):

ನಾಲ್ಕು ತುಂಡಿನದನ್ನೇ ಕೇಳಿ ಪಡೆಯಿರಿ. ಬಿಡಿಸಿಟ್ಟಾಗ ಒಂದೊಂದು ತುಂಡು ಎರಡೂವರೆ ಅಡಿಯನ್ನೂ ಮೀರುವುದಿಲ್ಲ. ಹಿಡಿಯ ಮೇಲ್ಭಾಗದಲ್ಲಿ ‘905-4’ ಎಂದಿದ್ದರೆ 9 ಅಡಿ, 5 ವೇಟ್, 4 ತುಂಡು ಎಂದರ್ಥ. ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯಲು ನಿಷೇಧವಿರುತ್ತದೆ. ಏಪ್ರಿಲ್‌ನಲ್ಲಿ ಆ ತೊಂದರೆಯಿಲ್ಲ, ಆದರೆ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದೇ ನೀರಿಗಿಳಿಯಬೇಕು. ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಮಧ್ಯಾಹ್ನದ ನಂತರ ನೀರು ಏರಿ ಮಸುಕಾಗುವುದುಂಟು.