ಪದಚರ್ಚೆ: ಹಾರ್ಡ್ ಡಿಸ್ಕಿನ 'ಬ್ಯಾಕಪ್'ಗೆ ಏನನ್ನೋಣ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಭಾನುವಾರ ಬಸವನಗುಡಿಯಲ್ಲಿ ಹಿರಿಯರಿಗೆ ಕಂಪ್ಯೂಟರ್ ತರಗತಿ ಇದೆ. ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಬ್ಯಾಕಪ್ ಮಾಡಿಕೊಳ್ಳುವುದು ಹೇಗೆ ಅಂತ ಒಂದು ಪುಟದ ಕರಪತ್ರ. ಸಂಜೆ ಅವೆನ್ಯೂ ರಸ್ತೆಯ ಪ್ರೆಸ್ಸಿಗೆ ಕೊಡಬೇಕು, ತಲೆಬರಹವೇ ಆಗಿಲ್ಲ. ಯಂತ್ರಾನುವಾದ 'ಬೆಂಬಲ' ಅಂದಿತು. ಚುನಾವಣೆಯ ಕರಪತ್ರದ ಹಾಗಾಯಿತು. 'ನಕಲು' ಅಥವಾ 'ಮೀಸಲು ಪ್ರತಿ' ಅನ್ನಬಹುದಾ?

———

'ನಕಲು' ಬೇಡವೇ ಬೇಡ. ಪರೀಕ್ಷೆಯಲ್ಲಿ ಹೊಡೆಯುವುದು ನಕಲು. ಅದೂ ಅರಬ್ಬಿಯಿಂದ ಬಂದದ್ದು. ನಮ್ಮದೇ 'ಕಾಪು' ಇದೆಯಲ್ಲ? ನೆನೆ–ನೆನಪು, ಹೊಳೆ–ಹೊಳಪು, ಕಾಯ್–ಕಾಪು. 1894ರ ಕಿಟ್ಟೆಲ್ ಕೋಶ ತೆರೆದು ನೋಡಿ. 'ಕಾಪುಪ್ರತಿ' ಅನ್ನಿ. ಹಾರ್ಡ್ ಡಿಸ್ಕಿಗೆ 'ಗಟ್ಟಿತಟ್ಟೆ'. ಮುಗಿಯಿತು.

———

> 'ಕಾಪುಪ್ರತಿ' ಅನ್ನಿ

ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದಿದ್ದಾನೆ.

———

'ಮಂಗಳಾರತಿ'ಯೂ ಅರಿಸಮಾಸವೇ ಸ್ವಾಮಿ. ಅದನ್ನು ಬಿಡಿ ಅಂತ ಯಾವ ಅರ್ಚಕರಿಗಾದರೂ ಹೇಳಿದ್ದೀರಾ?

'ಕಾಪುಪ್ರತಿ' ಅಂದವರಿಗೆ ಇನ್ನೊಂದು ಮಾತು. ತಮಿಳಿನಲ್ಲಿ ಬ್ಯಾಕಪ್‌ಗೆ ಆಗಲೇ 'ಕಾಪ್ಪುಪ್ಪಿರತಿ' ಇದೆ. ಅಚ್ಚಗನ್ನಡದ ಹೆಸರಲ್ಲಿ ಪಕ್ಕದ ಮನೆಯದನ್ನೇ ತಂದಿದ್ದೀರಿ. ತಮಿಳಿನದು ತರಬಹುದು, ಇಂಗ್ಲಿಷಿನದು ಬೇಡ, ಇದ್ಯಾವ ನ್ಯಾಯ? ಕಚೇರಿ, ದಾಖಲೆ, ಜಮೀನು ಎಲ್ಲ ಎಲ್ಲಿಂದ ಬಂದವು?

———

'ಕಾಪು' ಎರಡೂ ನುಡಿಗಳಿಗೆ ಹುಟ್ಟಿನಿಂದ ಬಂದ ಆಸ್ತಿ. ಸಾಲಕ್ಕೂ ಪಾಲಿಗೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ವಾದ ಬೇಡ.

———

ಸುಮ್ನೆ 'ಎತ್ತಿಡಿ' ಅಂದರೆ ಸಾಕಲ್ವಾ? ಅಜ್ಜಿಯರಿಗೂ ಗೊತ್ತಿರುವ ಮಾತು.

———

ಕಂಪ್ಯೂಟರ್ ರಿಪೇರಿ ನನ್ನ ಕಸುಬು. 'ಎತ್ತಿಡಿ' ದಯವಿಟ್ಟು ಬೇಡ. ಎತ್ತಿಟ್ಟರೆ ಮೊದಲಿನ ಜಾಗ ಖಾಲಿಯಾಗುತ್ತದೆ, ಅಲ್ವಾ? ಜನ ಮಾಡುವ ತಪ್ಪೂ ಅದೇ. ಎಸ್.ಪಿ. ರಸ್ತೆಯಿಂದ ಎಕ್ಸ್‌ಟರ್ನಲ್ ಡಿಸ್ಕ್ ತರುತ್ತಾರೆ. ಮೊಮ್ಮಕ್ಕಳ ಫೋಟೊ ಎಲ್ಲ ಅದಕ್ಕೆ ಹಾಕುತ್ತಾರೆ. ಜಾಗ ಆಗಲಿ ಅಂತ ಕಂಪ್ಯೂಟರಿನಲ್ಲಿರುವುದನ್ನು ಅಳಿಸುತ್ತಾರೆ. ಆಮೇಲೆ 'ಬ್ಯಾಕಪ್ ಇದೆ' ಅನ್ನುತ್ತಾರೆ. ಎಲ್ಲಿದೆ? ಇರುವುದು ಒಂದೇ ಪ್ರತಿ. ಆ ಡಿಸ್ಕ್ ಮೇಜಿನಿಂದ ಬಿದ್ದರೆ ಅದೂ ಹೋಯಿತು.

'ಬ್ಯಾಕಪ್ ತೆಗೆಯಿರಿ' ಅಂತಲೂ ಬರೆಯಬೇಡಿ. ಮಾತಲ್ಲಿ ಫೋಟೊ ತೆಗೆದ ಹಾಗೆ ಬ್ಯಾಕಪ್ಪೂ ತೆಗೆಯುತ್ತೇವೆ, ಸರಿ. ಆದರೆ 'ಫೈಲ್ ತೆಗೆಯಿರಿ' ಅಂದರೆ ಅಳಿಸಿಬಿಡುವವರಿದ್ದಾರೆ. 'ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಿ' ಅನ್ನಿ. ಉದ್ದವಾಯಿತು, ಆಗಲಿ.

ಪದ 'ಬ್ಯಾಕಪ್' ಅಂತಲೇ ಇರಲಿ. ಫೋನನ್ನು ಕನ್ನಡಕ್ಕೆ ಹಾಕಿಕೊಂಡರೂ ಸೆಟ್ಟಿಂಗ್ಸ್‌ನಲ್ಲಿ ಅವರಿಗೆ ಕಾಣುವುದು ಅದೇ. ಇನ್ನು 'ಗಟ್ಟಿತಟ್ಟೆ'. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಇರುವುದು ಎಸ್‌ಎಸ್‌ಡಿ. ಅದು ಬರೀ ಚಿಪ್‌ಗಳದು, ಅದರೊಳಗೆ ತಟ್ಟೆಯೇ ಇಲ್ಲ.

ಕರಪತ್ರದಲ್ಲಿ ಜಾಗವಿದ್ದರೆ 3-2-1 ಸೂತ್ರ ಹಾಕಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಡಿಸ್ಕನ್ನು ಸದಾ ಸಿಕ್ಕಿಸಿಡಬೇಡಿ ಅಂತಲೂ ಹೇಳಿ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಬಂದರೆ ಅದಕ್ಕೂ ಬೀಗ ಬೀಳುತ್ತದೆ. ಹಳೆಯ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಬರೆದ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫೈಲ್‌ಗಳಿದ್ದರೆ ಆ ಫಾಂಟನ್ನೂ ಜೊತೆಗಿಡಬೇಕು. ಇಲ್ಲದಿದ್ದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು.

———

ತುಂಬಾ ಉಪಕಾರವಾಯಿತು. ತಲೆಬರಹ ಹೀಗೆ ಮಾಡಿದೆ: 'ಬ್ಯಾಕಪ್: ನಿಮ್ಮ ಫೈಲ್‌ಗಳ ಇನ್ನೊಂದು ಪ್ರತಿ, ಇನ್ನೊಂದು ಜಾಗದಲ್ಲಿ'. ರಿಸ್ಟೋರ್‌ಗೆ 'ಮರಳಿ ತರುವುದು' ಅಂತ ಹಾಕಿದ್ದೇನೆ.

———

ಫೈಲ್ ಅಲ್ಲ, ಕಡತ.

———

ಕಡತ ಅಂದರೆ ಹುಣಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಳಿದ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಅದನ್ನು ಯಾವ ಯುಎಸ್‌ಬಿಗೆ ಸಿಕ್ಕಿಸಲಿ? ಬೇರೆ ಚರ್ಚೆ ಶುರು ಮಾಡಿ.