ಚಾರಿಜಾರ್ಡ್ 4/102, ಮಳೆಗೆ ಬಾಗಿದೆ. ಗ್ರೇಡಿಂಗ್‌ಗೆ ಕಳಿಸಬಹುದಾ?

ಮಳೆಹುಳ, ಸೋಮವಾರಪೇಟೆ
ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ ಅಮೆರಿಕದಲ್ಲಿದ್ದಾಗ ತಗೊಂಡಿದ್ದ ಪೋಕೆಮಾನ್ ಕಾರ್ಡ್‌ಗಳು ಸಿಕ್ಕಿವೆ. ಅದರಲ್ಲಿ ಒಂದು ಹೋಲೋ (ಚಿತ್ರ ಫಾಯಿಲಿನಂತೆ ಹೊಳೆಯೋ) ಚಾರಿಜಾರ್ಡ್, 120 ಎಚ್‌ಪಿ, ಕೆಳಗೆ 4/102 ಅಂತ ಇದೆ, ಅಂದರೆ 102 ಕಾರ್ಡಿನ ಸೆಟ್ಟಲ್ಲಿ ನಾಲ್ಕನೆಯದು. ಯೂಟ್ಯೂಬಲ್ಲಿ ಇದಕ್ಕೆ ಲಕ್ಷಗಟ್ಟಲೆ ಅಂತಾರೆ, ಕಾರ್ಡಿನ ಸ್ಥಿತಿ ನೋಡಿ 1ರಿಂದ 10ರವರೆಗೆ ಗ್ರೇಡ್ ಕೊಡೋ ಪಿಎಸ್‌ಎ ಕಂಪನಿಗೆ ಕಳಿಸೋಣ ಅಂತಿದ್ದೇನೆ. ಆದರೆ ಈ ಮಳೆಗೆ ಕಾರ್ಡ್ ಬಿಲ್ಲಿನ ಥರ ಬಾಗಿದೆ. ಅಜ್ಜಿ ಒಲೆ ಮೇಲಿನ ಅಟ್ಟದಲ್ಲಿಡು ಅಂತಾರೆ, ತಮ್ಮ ಇಸ್ತ್ರಿ ಹಾಕು ಅಂತಾನೆ. ಏನು ಮಾಡಲಿ?

ಟಾರ್ಚ್‌ಬೆಳಕು, ಮಡಿಕೇರಿ
ಇಸ್ತ್ರಿ ಪೆಟ್ಟಿಗೆ ಹತ್ತಿರಕ್ಕೂ ತರಬೇಡಿ ಮಾರಾಯ್ರೇ! ಅಟ್ಟವೂ ಬೇಡ, ಹೊಗೆ ಹಿಡಿಯುತ್ತೆ. ಹೋಲೋ ಕಾರ್ಡಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತೆ, ಫಾಯಿಲ್ ಹಿಗ್ಗಲ್ಲ, ಅದಕ್ಕೇ ಬಾಗೋದು. ಜುಲೈಯಲ್ಲಿ ನಮ್ಮ ಕಡೆ ಚಪ್ಪಲಿಗೇ ಬೂಸ್ಟು ಬರುತ್ತೆ, ಕಾರ್ಡ್ ಯಾವ ಲೆಕ್ಕ. ತೆಳು ಪ್ಲಾಸ್ಟಿಕ್ ಸ್ಲೀವ್ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಇಟ್ಟು ನಿಧಾನಕ್ಕೆ ಒಣಗಲು ಬಿಡಿ, ಆಗಾಗ ತೆಗೆದು ನೋಡಿ, ಯಾಕೆಂದರೆ ಜಾಸ್ತಿ ಒಣಗಿದರೆ ಎದುರು ದಿಕ್ಕಿಗೆ ಬಾಗುತ್ತೆ.

ಇನ್ನು, ಅಸಲಿ ತಾನೇ? ಕತ್ತಲೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಅಸಲಿ ಕಾರ್ಡಿನ ಮಧ್ಯೆ ಕಪ್ಪು ಪದರ ಇರುತ್ತೆ, ಬೆಳಕು ಸುಲಭಕ್ಕೆ ದಾಟಲ್ಲ. ನಕಲಿಯಲ್ಲಿ ಸಾಮಾನ್ಯವಾಗಿ ಬೆಳಕು ಹಾದು ಕಾಣುತ್ತೆ. ಜಾತ್ರೆಯಲ್ಲಿ ಸಿಗೋ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡ್ ಬಗ್ಗೆ ಕೇಳಲೇಬೇಡಿ.

ಕಾಫಿಕಣ, ಗೋಣಿಕೊಪ್ಪ
ಒಂದು ಮಾತು ಸೇರಿಸ್ತೇನೆ. 4/102 ಅಂದ ಮಾತ್ರಕ್ಕೆ 1999ರ ಬೇಸ್ ಸೆಟ್ (ಇಂಗ್ಲಿಷಿನ ಮೊದಲ ಸೆಟ್) ಅಲ್ಲ. 2021ರ ಸೆಲೆಬ್ರೇಷನ್ಸ್ ಸೆಟ್ಟಲ್ಲಿ ಇದೇ ಕಾರ್ಡನ್ನು ಇದೇ ನಂಬರಲ್ಲಿ ಮತ್ತೆ ಪ್ರಿಂಟ್ ಮಾಡಿದ್ದಾರೆ, ಅದರಲ್ಲಿ 25 ಅನ್ನೋ ಗುರುತು ಇರುತ್ತೆ. ಹಳೆಯದರಲ್ಲೂ ಚಿತ್ರದ ಕೆಳಗೆ ಎಡಕ್ಕೆ ಫಸ್ಟ್ ಎಡಿಷನ್ ಮುದ್ರೆ ಇದ್ದರೆ ಒಂದು ಬೆಲೆ, ಮುದ್ರೆಯಿಲ್ಲದೆ ಚಿತ್ರದ ಚೌಕಟ್ಟಿನ ಬಲಕ್ಕೆ ನೆರಳೂ ಇಲ್ಲದಿದ್ದರೆ ಒಂದು ಬೆಲೆ, ನೆರಳಿದ್ದರೆ ಮಾಮೂಲಿ ಅನ್‌ಲಿಮಿಟೆಡ್, ಅಂದರೆ ಆಮೇಲಿನ ಸಾಮಾನ್ಯ ಮುದ್ರಣ. ಯೂಟ್ಯೂಬಿನ ದೊಡ್ಡ ಬೆಲೆಗಳು ಹೆಚ್ಚಾಗಿ ಮೊದಲನೆಯದರ, ಇಲ್ಲಾಂದ್ರೆ ಮೇಲಿನ ಗ್ರೇಡ್ ಬಂದಿರೋದರ ಕಥೆ.

ಮಳೆಹುಳ
ಮುದ್ರೆ ಇಲ್ಲ, ನೆರಳು ಇದೆ. 25 ಇಲ್ಲ. ಟಾರ್ಚ್ ಪರೀಕ್ಷೆಯಲ್ಲಿ ಪಾಸ್. ಸ್ಕೇಲ್ ಹಿಡಿದು ನೋಡಿದೆ, ಎಡಗಡೆ ಹಳದಿ ಅಂಚು 3 ಮಿಮೀ, ಬಲಗಡೆ 2. ಹಿಂದೆ ಎರಡು ಮೂಲೆಯಲ್ಲಿ ನೀಲಿ ಹೋಗಿ ಬಿಳಿ ಚುಕ್ಕೆ ಬಂದಿವೆ. ಅದಕ್ಕೆ ನೀಲಿ ಮಾರ್ಕರ್ ಹಚ್ಚಿದರೆ ಗೊತ್ತಾಗುತ್ತಾ?

ಕಾಫಿಕಣ
ಗೊತ್ತಾಗುತ್ತೆ. ಬಣ್ಣ ಹಚ್ಚಿದ ಕಾರ್ಡಿಗೆ ನಂಬರೇ ಕೊಡಲ್ಲ. ನಿಮ್ಮ ಅಳತೆಯಲ್ಲಿ ಎಡ ಬಲ ಅಂಚಿನ ಪಾಲು 60/40, ಹತ್ತಕ್ಕೆ ಮುಂಭಾಗ ಸುಮಾರು 55/45 ಒಳಗಿರಬೇಕು, ಮೂಲೆಯಲ್ಲಿ ಬಿಳಿ ಬೇರೆ. 10 ಮರೆತುಬಿಡಿ. ಈಗ ಟ್ಯೂಬ್‌ಲೈಟ್ ಕೆಳಗೆ ಕಾರ್ಡನ್ನು ಓರೆ ಮಾಡಿ ಮೇಲ್ಮೈ ನೋಡಿ. ಗೀರಾ, ಮಡಿಕೆಯಾ?

ಮಳೆಹುಳ
ಅಯ್ಯೋ, ಬಾಲದ ಹತ್ತಿರ ಕೂದಲೆಳೆಯಷ್ಟು ಗೆರೆ ಕಾಣ್ತಿದೆ. ನೇರ ಹಿಡಿದರೆ ಕಾಣಲ್ಲ. ಹಿಂದೆಯೂ ಅದೇ ಜಾಗದಲ್ಲಿ ಇದೆ.

ಟಾರ್ಚ್‌ಬೆಳಕು
ಹಿಂದೆಯೂ ಇದೆ ಅಂದರೆ ಅದು ಮಡಿಕೆ. 4ರ ಆಸುಪಾಸು ಅಂದುಕೊಳ್ಳಿ. ಇನ್ನು ಲೆಕ್ಕ ಹಾಕಿ. ಈಬೇಯಲ್ಲಿ ಕೇಳ್ತಿರೋ ಬೆಲೆ ಬಿಡಿ, ಮಾರಾಟ ಆಗಿರೋದನ್ನು ಮಾತ್ರ ನೋಡಿ. 4 ಬಂದ ಇದೇ ಕಾರ್ಡ್ ಎಷ್ಟಕ್ಕೆ ಹೋಗಿದೆ, ಗ್ರೇಡ್ ಮಾಡದೆ ಇಷ್ಟೇ ಸವೆದದ್ದು ಎಷ್ಟಕ್ಕೆ ಹೋಗಿದೆ, ಆ ವ್ಯತ್ಯಾಸದಲ್ಲಿ ಗ್ರೇಡಿಂಗ್ ಫೀ, ಹೋಗಿ ಬರುವ ಕೊರಿಯರ್, ಇನ್ಶೂರೆನ್ಸ್, ವಾಪಸ್ ಬರುವಾಗ ಕಸ್ಟಮ್ಸ್ ಎಲ್ಲ ಕಳೆದು ಏನಾದರೂ ಉಳಿಯುತ್ತಾ ನೋಡಿ. ಉಳಿಯದಿದ್ದರೆ ಸುಮ್ನೆ ಕಳಿಸಬೇಡಿ. ಗ್ರೇಡ್ ಇಲ್ಲದೆಯೂ ಈ ಕಾರ್ಡಿಗೆ ಗಿರಾಕಿ ಇದ್ದಾರೆ, ಮಾರುವಾಗ ಮಡಿಕೆಯ ಫೋಟೋ ಹಾಕಿ ಅಷ್ಟೇ.

ಮಳೆಹುಳ
ಕಳಿಸಲ್ಲ ಬಿಡಿ. ಚಿಕ್ಕಪ್ಪನಿಗೆ ಮಾರೋ ಮನಸ್ಸೂ ಇಲ್ಲ ಅನ್ಸುತ್ತೆ. ಬ್ಲಾಸ್ಟಾಯ್ಸ್ ಅನ್ನೋ ಇನ್ನೊಂದು ಕಾರ್ಡ್ ಇದೆ, ಮೂಲೆಯೆಲ್ಲ ನೀಟಾಗಿದೆ, ಮಡಿಕೆಯೂ ಇಲ್ಲ.

ಕಾಫಿಕಣ
ಅದು ನೋಡೋಣ. ಹಗಲು ಬೆಳಕಲ್ಲಿ ಹಿಂದೆ ಮುಂದೆ ಫೋಟೋ ಹಾಕಿ, ಸ್ಲೀವ್‌ನಿಂದ ತೆಗೆದು. ಕಳಿಸೋದಾದರೆ ಟಾಪ್‌ಲೋಡರ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್ ಬೇಡ, ಕಾರ್ಡ್ ಸೇವರ್ ಥರದ, ಸ್ವಲ್ಪ ಬಾಗೋ ಅರೆಗಟ್ಟಿ ಹೋಲ್ಡರ್ ಈಗಲೇ ತರಿಸಿಟ್ಟುಕೊಳ್ಳಿ.